ರಕ್ಷಣಾ ಇಲಾಖೆಯ ಉದ್ಯೋಗವೂ ನಮ್ಮ ಬಾಲಿಕೆಯರೂ

ದಂಡಿನ ಉದ್ಯೋಗವೆಂದೊಡನೆಯೇ ನಮ್ಮ ಕಡೆಯ ತಾಯ್ತಂದೆಗಳ ಕಣ್ಣಮುಂದೆ ನಿಲ್ಲುವುದು ಕೋವಿಯೂ ಗಡಿಯ ಹಿಮವೂ. ಆದರೆ ಸೈನ್ಯವೆಂಬ ಆ ದೊಡ್ಡ ಸಂಸಾರಕ್ಕೆ ಲೆಕ್ಕ ಬರೆಯುವವರೂ, ಕಟ್ಟಡ ಕಟ್ಟಿಸುವವರೂ, ಊಟವನ್ನು ಕೆಡದಂತೆ ಕಾಪಾಡುವವರೂ ಬೇಕಷ್ಟೆ. ಇವರು ಸಮವಸ್ತ್ರ ತೊಡದ ಸಿವಿಲಿಯನ್ ನೌಕರರು. ಇಂಥ ಕೆಲಸವನ್ನು ಕಾಣಲು ದೆಹಲಿಗೆ ಹೋಗಬೇಕಾಗಿಲ್ಲ. ನಂಜನಗೂಡಿಗೆ ಸುಮಾರು 23 ಕಿಲೋಮೀಟರು ದೂರದ ಮೈಸೂರಿನಲ್ಲಿ, ರಕ್ಷಣಾ ಆಹಾರ ಸಂಶೋಧನಾಲಯವೆಂಬ ಹೆಸರಿನಿಂದ 1961ರಲ್ಲಿ ಒಂದು ಪ್ರಯೋಗಶಾಲೆಯು ಸ್ಥಾಪಿತವಾಯಿತು. ಚಪಾತಿ, ಪಲಾವುಗಳು ಬಹುಕಾಲ ಕೆಡದಂತಿರುವ ಉಪಾಯವನ್ನು ಅಲ್ಲಿಯವರು ಕಂಡುಹಿಡಿದರು. 1984ರಲ್ಲಿ ಅಂತರಿಕ್ಷಯಾನ ಮಾಡಿದ ರಾಕೇಶ್ ಶರ್ಮರ ಬುತ್ತಿಯಲ್ಲಿಯೂ ಅಲ್ಲಿ ಸಿದ್ಧವಾದ ತಿನಿಸುಗಳಿದ್ದುವು. ಅಡಿಗೆಯ ವಿದ್ಯೆಯನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸಲಿ!

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿ ಹೋದ, ತಿರುಮಕೂಡಲು ನರಸೀಪುರದ ಕಡೆಯ ಹುಡುಗಿಯೊಬ್ಬಳ ತಂದೆಯವರು ಗದ್ದೆಯನ್ನು ಆಧಾರವಿಟ್ಟು ದಲ್ಲಾಳಿಯೊಬ್ಬನಿಗೆ ಹಣ ಕೊಟ್ಟರು. ಇಂಟರ್‌ವ್ಯೂನಲ್ಲಿ ದೊಡ್ಡವರಿಂದ ಒಂದು ಮಾತು ಹೇಳಿಸುವುದಾಗಿ ಆತನು ನಂಬಿಸಿದ್ದನಂತೆ. ಹಣವು ಹೋಯಿತು, ಮುದ್ರೆಯೊತ್ತಿದ ಸುಳ್ಳು ನೇಮಕಪತ್ರವೊಂದು ಕೈಯಲ್ಲುಳಿಯಿತು. ಕೇಂದ್ರ ಸರಕಾರದ ‘ಸಿ’ ವರ್ಗದ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ‘ಬಿ’ ವರ್ಗದ ಹುದ್ದೆಗಳಿಗೂ 2016ರ ಜನವರಿ 1ರಿಂದ ಇಂಟರ್‌ವ್ಯೂ ಎಂಬುದೇ ಇಲ್ಲ. ಇದು ದಲ್ಲಾಳಿಗೆ ತಿಳಿದಿದ್ದಿತು, ತಂದೆಗೆ ತಿಳಿದಿರಲಿಲ್ಲ. ತಿಳಿಸಬೇಕಾಗಿದ್ದವರು ನಾವು. ಆ ವರುಷದ ಬೀಳ್ಕೊಡುಗೆಯ ಸಭೆಯಲ್ಲಿ ಸನ್ನಡತೆಯನ್ನು ಕುರಿತು ದೀರ್ಘವಾಗಿ ಮಾತನಾಡಿದ ನಾವು, ಈ ವಿಷಯವಾಗಿ ಒಂದಕ್ಷರವನ್ನೂ ಆಡಿರಲಿಲ್ಲ.

ಆದುದರಿಂದ ಈಗಲಾದರೂ ಹೇಳುತ್ತೇವೆ. ಈ ಇಲಾಖೆಯ ಗುಮಾಸ್ತೆ ಮೊದಲಾದ ಅನೇಕ ಹುದ್ದೆಗಳಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ಎಂಬ ಮಂಡಲಿಯು ಪರೀಕ್ಷೆ ನಡೆಸುತ್ತದೆ. ಹೆಂಗಸರಿಗೆ ಅದರಲ್ಲಿ ಶುಲ್ಕವಿಲ್ಲ. ಎಸ್.ಎಸ್.ಎಲ್.ಸಿ. ಆದವರಿಗೆ ಒಂದು ಪರೀಕ್ಷೆಯೂ, ಪಿ.ಯು.ಸಿ. ಆದವರಿಗೆ ಇನ್ನೊಂದೂ ಇವೆ. 2023ರಿಂದ ಈ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಸಂಶೋಧನಾ ಸಂಸ್ಥೆಯಾದ ಡಿ.ಆರ್.ಡಿ.ಒ.ದ ಟೆಕ್ನೀಷಿಯನ್ ಹುದ್ದೆಗಳಿಗಾದರೋ, ಎಸ್.ಎಸ್.ಎಲ್.ಸಿ.ಯೊಡನೆ ಐ.ಟಿ.ಐ. ತರಬೇತಿ ಬೇಕು, ಅದರ ಪರೀಕ್ಷೆಯೂ ಬೇರೆ. ಹುಟ್ಟಿದ ತಾರೀಖಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೇ ಪ್ರಮಾಣ. ಒಂದು ಕಾಗದದಲ್ಲಿ ಇನಿಷಿಯಲ್ಲು, ಮತ್ತೊಂದರಲ್ಲಿ ತಂದೆಯ ಪೂರ್ಣ ಹೆಸರು ಹೀಗಿದ್ದರೆ, ತೇರ್ಗಡೆಯಾದ ಮೇಲೆಯೂ ತೊಂದರೆ ತಪ್ಪದು. ಎಂಟನೆಯ ತರಗತಿಯಲ್ಲಿ ಐದು ನಿಮಿಷದಲ್ಲಿ ಸರಿಹೋಗುವ ಈ ತಪ್ಪು, ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯಿಸುತ್ತದೆ.

ವರ್ಗಾವಣೆಯ ಭಯವೊಂದುಂಟು. ಭಾರತದ ಯಾವ ಭಾಗಕ್ಕಾದರೂ ಹೋಗಬೇಕಾದೀತೆಂಬುದು ನಿಜವೇ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಮದುವೆಯಾಗಿ ಮುಂಬಯಿಗೆ ಹೋಗುವ ಮಗಳನ್ನು ಸಂತೋಷದಿಂದ ಕಳುಹಿಸಿಕೊಡುವವರು, ಸಂಬಳ ತರುವ ಮಗಳನ್ನು ಪುಣೆಗೆ ಕಳುಹಿಸಲು ಹಿಂದೆಗೆಯುವುದನ್ನು ನಾವು ಎಷ್ಟೋ ಸಾರಿ ಕಂಡಿದ್ದೇವೆ. ಕೇರಳದ ಆಲಪ್ಪುಳದ ಟೆಸ್ಸಿ ಥಾಮಸರನ್ನು ಮನೆಯವರು ಹೀಗೆಯೇ ತಡೆದಿದ್ದರೆ, 2011ರಲ್ಲಿ ಹಾರಿದ ಅಗ್ನಿ-4 ಕ್ಷಿಪಣಿಯ ಯೋಜನಾ ನಿರ್ದೇಶಕರು ಬೇರೆ ಯಾರಾದರೂ ಆಗಿರುತ್ತಿದ್ದರು.

ಇನ್ನೊಂದು ತೊಡಕು ಬೆರಳಿನದು. ಪಿ.ಯು.ಸಿ. ಮಟ್ಟದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದರೂ, ಗುಮಾಸ್ತೆಯ ಕೆಲಸಕ್ಕೆ ಟೈಪಿಂಗನ್ನು ಇಂಗ್ಲಿಷಿನಲ್ಲಾದರೆ ನಿಮಿಷಕ್ಕೆ 35 ಪದದಂತೆ, ಹಿಂದಿಯಲ್ಲಾದರೆ 30 ಪದದಂತೆ ಮಾಡಿ ತೋರಿಸಬೇಕು. ಕನ್ನಡಕ್ಕೆ ಅಲ್ಲಿ ಸ್ಥಾನವಿಲ್ಲ. ಇದು ನಮಗೆ ಸರಿಯೆಂದು ತೋರುವುದಿಲ್ಲ. ಆದರೂ ಹುಡುಗಿಯರು ನಿಯಮ ಬದಲಾಗುವವರೆಗೆ ಕಾಯಲಾರರು, ಪಿ.ಯು.ಸಿ. ಮಟ್ಟದ ಪರೀಕ್ಷೆಗೆ ವಯಸ್ಸಿನ ಸಾಮಾನ್ಯ ಮಿತಿ 27. ಆದಕಾರಣ ಮೇಲಿನ ತರಗತಿಗಳವರಿಗೆ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಟೈಪಿಂಗ್ ಪಾಠವನ್ನು ಆರಂಭಿಸಿದ್ದೇವೆ. ನಂಜನಗೂಡಿನ ಹುಡುಗಿಯರು ತಪ್ಪದೆ ಬರುತ್ತಾರೆ. ನರಸೀಪುರಕ್ಕೆ ರೈಲಿಲ್ಲ, ಆ ಕಡೆಯ ಮಕ್ಕಳು ಪಾಠದ ನಡುವೆಯೇ ಎದ್ದು ಬಸ್ಸಿಗೆ ಓಡುತ್ತಾರೆ. ಬಸ್ಸನ್ನು ಅರ್ಧ ಗಂಟೆ ತಡವಾಗಿ ಬಿಡಬೇಕೆಂದು ಸಂಬಂಧಪಟ್ಟವರಿಗೆ ಎರಡು ಸಲ ಬರೆದುಕೊಂಡಿದ್ದೇವೆ. ಆ ಊರುಗಳ ಪೋಷಕರೂ ಸಹಿ ಹಾಕಿದರೆ ಮೂರನೆಯ ಮನವಿಯನ್ನು ಈ ತಿಂಗಳೇ ಕಳುಹಿಸುವೆವು.