ಕ್ಯಾನುಲಾದ ಬಾಯಿಗೆ 15 ಸೆಕೆಂಡು

ದೊಡ್ಡಮ್ಮನಿಗೆ ಆಸ್ಪತ್ರೆಯಲ್ಲಿ ಅದು ನಾಲ್ಕನೇ ದಿನ. ಜ್ವರ ಬಿಟ್ಟು ಎರಡು ದಿನವಾಗಿತ್ತು. ಗಂಜಿ ಸಾಕಾಯ್ತು, ಅನ್ನ ಸಾರು ತಾ ಎನ್ನುವಷ್ಟು ಚೇತರಿಸಿಕೊಂಡಿದ್ದರು. ಎಡಗೈ ಮೇಲೆ ಡ್ರಿಪ್ ಹಾಕುವ ಗುಲಾಬಿ ಬಣ್ಣದ ಕ್ಯಾನುಲಾ, ಅದರ ಪ್ಲಾಸ್ಟರಿನ ಅಂಚು ಎದ್ದು ಕೊಳೆ ಹಿಡಿದಿತ್ತು. ಸಂಜೆಯ ಇಂಜೆಕ್ಷನ್ ಕೊಡಲು ಬಂದ ಸಿಸ್ಟರ್ ಕ್ಯಾನುಲಾದ ತುದಿಯ ಬಿರಡೆ ತಿರುಗಿಸಿ ತೆಗೆದು ಹಾಸಿಗೆಯ ಮೇಲಿಟ್ಟರು. ಸಿರಿಂಜ್ ಸಿಕ್ಕಿಸಿ ಔಷಧಿ ತಳ್ಳಿದರು. ಅದೇ ಬಿರಡೆಯನ್ನು ಎತ್ತಿ ಹಾಕಿ ಪಕ್ಕದ ಮಂಚಕ್ಕೆ ಹೋದರು. ಎಲ್ಲ ಸೇರಿ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ. ಅರ್ಧ ಗಂಟೆಯೊಳಗೆ ದೊಡ್ಡಮ್ಮನಿಗೆ ಮಂಚ ಅಲುಗುವಂಥ ನಡುಕ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. "ಮನೆಗೆ ಕರ್ಕೊಂಡ್ ಹೋಗಿಬಿಡು" ಎಂದು ನನ್ನ ಕೈ ಹಿಡಿದುಕೊಂಡರು. ಡ್ಯೂಟಿ ಡಾಕ್ಟರ್ ಓಡಿ ಬಂದು ಮೊದಲು ಮಾಡಿದ ಕೆಲಸವೆಂದರೆ ಆ ಕ್ಯಾನುಲಾ ಕಿತ್ತು ಹಾಕಿದ್ದು.

ದೊಡ್ಡಮ್ಮ ಬದುಕಿ ಮನೆಗೆ ಬಂದರು. ಆ ನಡುಕಕ್ಕೆ ಕ್ಯಾನುಲಾದ ಬಾಯಿಂದ ಒಳಹೋದ ಸೋಂಕೇ ಕಾರಣ ಎಂದು ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ; ಬ್ಲಡ್ ಕಲ್ಚರ್ ಮಾಡಿರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಆ ರಾತ್ರಿಯ ಬಗ್ಗೆ ಒಂದು ಸಾಲೂ ಇಲ್ಲ. ಅವತ್ತಿನಿಂದ ನನ್ನನ್ನು ಕಾಡುತ್ತಿರುವುದು ಆ ಇಲ್ಲದ ಸಾಲು.

ನಾವು ತಿನ್ನುವ, ಕುಡಿಯುವ ಕೊಳೆಗೆ ಹೊಟ್ಟೆಯ ಆಮ್ಲದ ಕಾವಲಿದೆ. ಮೈಗೆ ಮೆತ್ತಿದ್ದಕ್ಕೆ ಚರ್ಮದ ಕಾವಲಿದೆ. ಡ್ರಿಪ್ಪಿನ ಕೊಳವೆ ಇವೆಲ್ಲವನ್ನೂ ದಾಟಿ ನೇರ ರಕ್ತಕ್ಕೆ ಇಳಿಯುತ್ತದೆ. ಅದಕ್ಕೆ ಹೊರಗಿನಿಂದ ಇರುವ ಬಾಗಿಲು, ಸಿರಿಂಜ್ ಸಿಕ್ಕಿಸುವ ಆ ಪುಟ್ಟ ಬಾಯಿ. ಕೆಲವು ಕಡೆ ಅದು ಕ್ಯಾನುಲಾದ ನೆತ್ತಿಯ ಬಣ್ಣದ ಮುಚ್ಚಳ, ಕೆಲವು ಕಡೆ ಕೊಳವೆ ಕವಲೊಡೆಯುವ ತ್ರೀ-ವೇ, ಐಸಿಯುಗಳಲ್ಲಿ ಕುತ್ತಿಗೆಯ ದೊಡ್ಡ ಲೈನಿನ ತುದಿಯ ಹಬ್. ರೋಗಿಯ ಚರ್ಮದ, ನಮ್ಮ ನಿಮ್ಮ ಬೆರಳಿನ ಬ್ಯಾಕ್ಟೀರಿಯಾಗಳು ಅಲ್ಲಿ ಕೂತು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಒರೆಸದೆ ಸಿರಿಂಜ್ ಒತ್ತಿದರೆ ಔಷಧಿಯ ಜೊತೆಗೆ ಅವೂ ಒಳಗೆ ಹೋಗುತ್ತವೆ. ಮಳೆಗಾಲದಲ್ಲಿ ಅಂಗಳದ ಪಾಚಿ ತೆಗೆದವರಿಗೆ ಗೊತ್ತು, ನೀರು ಸುರಿದರೆ ಅದು ಹೋಗುವುದಿಲ್ಲ, ತಿಕ್ಕಬೇಕು. ಇಲ್ಲಿಯೂ ಅಷ್ಟೇ. ಶೇಕಡಾ 70ರ ಆಲ್ಕೋಹಾಲಿನ ಅಥವಾ ಕ್ಲೋರ್‌ಹೆಕ್ಸಿಡಿನ್ ಬೆರೆತ ಒರೆಸುಬಟ್ಟೆಯಲ್ಲಿ ಆ ಬಾಯನ್ನು ಸುತ್ತ ತಿಕ್ಕಿ ಒಣಗಲು ಬಿಡಬೇಕು. ಕನಿಷ್ಠ 5 ಸೆಕೆಂಡು ತಿಕ್ಕಿ ಎನ್ನುತ್ತದೆ ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ 2022ರ ಮಾರ್ಗಸೂಚಿ. ಹಲವು ಆಸ್ಪತ್ರೆಗಳು 15 ಸೆಕೆಂಡಿನ ನಿಯಮ ಇಟ್ಟುಕೊಂಡಿವೆ. ತೆಗೆದ ಬಿರಡೆಯನ್ನು ಮತ್ತೆ ಹಾಕುವಂತಿಲ್ಲ, ಹೊಸದೇ ಆಗಬೇಕು.

ನಮ್ಮ ಸಿಗಂದೂರಿನ ಕಡೆಯವರಿಗೆ ಈ ಕೊಳವೆಯ ಬಾಯಿಯ ಮಾತನ್ನು ಬೇರೆ ರೀತಿಯಲ್ಲಿಯೂ ಹೇಳಬೇಕಾಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ತುಮರಿ, ಕರೂರು ಸೀಮೆಯ ಜನ ಹಿನ್ನೀರಿನ ಆಚೆ ಉಳಿದರು. ರಾತ್ರಿ ಹೊಟ್ಟೆನೋವು ಬಂದರೆ ಲಾಂಚ್ ಇಲ್ಲ, ಹೆರಿಗೆ ನೋವು ಬಂದರೆ ಬೆಳಗಾಗಬೇಕು. ಆ ಕಷ್ಟಕ್ಕೆ ಕೊನೆ ಬಂದದ್ದು 2025ರ ಜುಲೈ 14ರಂದು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ. ಸುಮಾರು 2.4 ಕಿಲೋಮೀಟರ್ ಉದ್ದ, 470 ಕೋಟಿ ರೂಪಾಯಿಗೂ ಮಿಗಿಲಾದ ಖರ್ಚು. ಈಗ ಆಂಬುಲೆನ್ಸ್ ಯಾವ ಹೊತ್ತಿಗೂ ಹೊಳೆ ದಾಟುತ್ತದೆ. ನಮ್ಮ ಜನ ದಶಕಗಟ್ಟಲೆ ಕೇಳಿ ಪಡೆದದ್ದು ಅದು.

ಆದರೆ ನಮ್ಮ ರೋಗಿಯ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಯಾನುಲಾ ಬೀಳುತ್ತದೆ. ಸಾಗರದಲ್ಲಿ ಅದಕ್ಕೇ ಇನ್ನೊಂದು ಬಾಟ್ಲಿ ಸೇರುತ್ತದೆ. ಅಲ್ಲಿಂದ ಶಿವಮೊಗ್ಗ, ಹೆಚ್ಚಾದರೆ ಘಾಟಿ ಇಳಿದು ಮಣಿಪಾಲ. ಹೊಸನಗರ, ತೀರ್ಥಹಳ್ಳಿಯವರ ದಾರಿಯೂ ಬೇರೆಯಲ್ಲ. ಒಂದೇ ಕ್ಯಾನುಲಾ, ನಾಲ್ಕು ಆಸ್ಪತ್ರೆ, ಹತ್ತಾರು ಕೈ. ಆಂಬುಲೆನ್ಸಿನ ಕುಲುಕಾಟದಲ್ಲಿ ಬಾಟ್ಲಿ ಬದಲಿಸುವ ಕೈಯೂ ಅದರಲ್ಲಿ ಒಂದು. ಯಾರು ಯಾವಾಗ ಹಾಕಿದ ಸೂಜಿ ಎಂಬ ತಾರೀಖು ಪ್ಲಾಸ್ಟರಿನ ಮೇಲೆ ಇರುವುದು ಅಪರೂಪ.

ಅದರ ಮೇಲೆ ಮಂಗನ ಕಾಯಿಲೆಯ ಸೀಮೆ ನಮ್ಮದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ 2019ರ ಹೊತ್ತಿಗೆ ಸಾಗರದ ಅರಲಗೋಡಿನಲ್ಲಿ ಮನೆಮನೆಯ ದುಃಖವಾಯಿತು. ಉಣುಗು ಕಚ್ಚಿ ಬರುವ ಈ ವೈರಸ್ಸಿಗೆ ನಿರ್ದಿಷ್ಟ ಔಷಧಿ ಇಲ್ಲ. ರೋಗಿಯನ್ನು ಉಳಿಸುವುದು ಡ್ರಿಪ್ಪಿನ ದ್ರವ, ಬೇಕಾದರೆ ರಕ್ತ, ಪ್ಲೇಟ್‌ಲೆಟ್, ಮತ್ತೆ ಹಗಲು ರಾತ್ರಿಯ ಆರೈಕೆ. ಈ ಕಾಯಿಲೆಯಲ್ಲಿ ರಕ್ತದ ಬಿಳಿಕಣಗಳೂ ಇಳಿಯುತ್ತವೆ. ಸೋಂಕಿನೊಡನೆ ಹೋರಾಡುವ ಪಡೆಯೇ ಸೊರಗಿದ ಹೊತ್ತಿನಲ್ಲಿ, ಆ ಜೀವಕ್ಕೆ ಆಸರೆಯಾದ ಕೊಳವೆಯಿಂದಲೇ ಹೊಸ ಸೋಂಕು ಹೋಗುವುದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಬರುವವರಲ್ಲಿ ಕುತ್ತಿಗೆಗೆ ಕೊಳವೆ ಇಟ್ಟುಕೊಂಡವರ ಪಾಡೂ ಇದೇ. ಪ್ರತಿ ಸಲವೂ ಆ ಬಾಯಿ ತೆರೆಯಲೇಬೇಕು.

ಹಾಗಾದರೆ ತಪ್ಪು ಸಿಸ್ಟರ್‌ಗಳದ್ದೇ? ಒಂದು ಲೆಕ್ಕ ಹಾಕೋಣ. 30 ಮಂಚದ ವಾರ್ಡಿನಲ್ಲಿ 20 ಮಂದಿಗೆ ಕ್ಯಾನುಲಾ ಇದೆ ಎಂದುಕೊಳ್ಳಿ. ದಿನಕ್ಕೆ ಮೂರು ಹೊತ್ತು ಔಷಧಿ, ಪ್ರತಿ ಹೊತ್ತಿಗೆ ಎರಡು ಇಂಜೆಕ್ಷನ್, ಹಿಂದೆ ಮುಂದೆ ಸಲೈನ್ ಹಾಯಿಸುವುದು ಸೇರಿ ನಾಲ್ಕು ಸಲ ಬಾಯಿ ತೆರೆಯಬೇಕು. ಒಟ್ಟು 240 ಸಲ. ತಿಕ್ಕಲು 15 ಸೆಕೆಂಡು, ಒಣಗಲು 15 ಸೆಕೆಂಡು ಎಂದರೆ ಪೂರಾ ಎರಡು ಗಂಟೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ವಾರ್ಡಿನಲ್ಲಿ ಅವರ ಪಾಲಿನ ಆ ಹೊತ್ತನ್ನು ಎಲ್ಲಿಂದ ತರಬೇಕು? ನಾನು ದೊಡ್ಡಮ್ಮನ ಪಕ್ಕ ಕೂತಿದ್ದಾಗ ಆ ಸಿಸ್ಟರ್ ನೀರು ಕುಡಿಯಲು ನಿಂತದ್ದನ್ನೂ ಕಾಣಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇನ್ನು ಸಾಮಗ್ರಿ. ನಮ್ಮಲ್ಲಿ ಹಲವು ಕಡೆ ಈಗಲೂ ಸ್ಟೀಲ್ ಡಬ್ಬಿಯಲ್ಲಿ ಸ್ಪಿರಿಟ್ ಸುರಿದು ಹತ್ತಿ ಉಂಡೆ ನೆನೆಸಿಟ್ಟಿರುತ್ತಾರೆ. ಮುಚ್ಚಳ ತೆಗೆದು ಹಾಕುತ್ತಿದ್ದಂತೆ ಸ್ಪಿರಿಟ್ ಆರುತ್ತದೆ, ಹತ್ತಾರು ಬೆರಳು ಅದರಲ್ಲಿ ಆಡುತ್ತವೆ. ಹೀಗೆ ನೆನೆಸಿಟ್ಟ ಹತ್ತಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಇಂಜೆಕ್ಷನ್ ಕುರಿತ ಕೈಪಿಡಿಯಲ್ಲಿ ಹೇಳಿದೆ. ಒಂದೊಂದೇ ಪೊಟ್ಟಣದಲ್ಲಿ ಬರುವ ಸ್ಪಿರಿಟ್ ಒರೆಸುಬಟ್ಟೆ ದುಬಾರಿ ವಸ್ತುವಲ್ಲ. ಆಸ್ಪತ್ರೆ ಸಾಮಾನು ಕೇಳುವ ಇಂಡೆಂಟಿನಲ್ಲಿ ಅದಕ್ಕೊಂದು ಸಾಲು ಬೇಕು, ಆ ಸಾಲು ತಿಂಗಳು ತಿಂಗಳೂ ಭರ್ತಿಯಾಗಬೇಕು. ಅಷ್ಟೇ.

ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ಮತ್ತು ಜೊತೆಯವರು ಮಾಡಿ 2006ರಲ್ಲಿ ಪ್ರಕಟಿಸಿದ ಕೆಲಸವನ್ನು ಕೊಳವೆಯ ಸೋಂಕಿನ ಮಾತು ಬಂದಾಗ ಯಾವಾಗಲೂ ನೆನೆಯುತ್ತಾರೆ. ಸಾವಿರ ಕೊಳವೆ-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕೊಳವೆ ಇದ್ದರೆ ಒಂದು ಕೊಳವೆ-ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ಸೊನ್ನೆಗೆ ಇಳಿಯಿತು. ಅವರ ಐದು ಅಂಶಗಳ ಪಟ್ಟಿ ಬಹುಮಟ್ಟಿಗೆ ಕೊಳವೆ ಹಾಕುವ ಹೊತ್ತಿನದು, ಆಮೇಲಿನ ದಿನಗಳಲ್ಲಿ ಹಬ್ ಒರೆಸುವುದು ಅದರಲ್ಲಿ ಇರಲಿಲ್ಲ. ಆದರೂ ನಮಗೆ ಬೇಕಾದ ಪಾಠ ಅಲ್ಲಿದೆ. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಕೈಗೆ ಸಿಗುವಂತೆ ಇಟ್ಟರು. ಕ್ರಮ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು. ಸೋಂಕನ್ನು ಎಣಿಸಿ ತಿಂಗಳು ತಿಂಗಳೂ ಐಸಿಯು ತಂಡಗಳ ಮುಂದಿಟ್ಟರು. ಬುದ್ಧಿ ಹೇಳಿ ಕೈಬಿಟ್ಟಿದ್ದರೆ ಸೊನ್ನೆ ಬರುತ್ತಿರಲಿಲ್ಲ.

ಎಣಿಸುವುದೇ ನಮ್ಮಲ್ಲಿ ಇಲ್ಲದಿರುವುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯ ಬೆಚ್ಚಿಬಿತ್ತು. ಅನುಮಾನ ಡ್ರಿಪ್ಪಿನ ದ್ರಾವಣದ ಮೇಲೆ ಬಿತ್ತು. ಆ ದ್ರಾವಣದ ಬಳಕೆ ನಿಂತಿತು, ತನಿಖೆ ನಡೆಯಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು. ಆಗಲೇಬೇಕಿತ್ತು. ಬಾಟ್ಲಿಯ ಮೇಲೆ ಕಂಪನಿಯ ಹೆಸರಿದೆ, ಬ್ಯಾಚ್ ನಂಬರ್ ಇದೆ, ಹಿಡಿದು ಕೇಳಬಹುದು. ಒರೆಸದೆ ಬಿಟ್ಟ ಹಬ್‌ಗೆ ಯಾವ ನಂಬರೂ ಇಲ್ಲ. ಅದರಿಂದ ಬಂದ ಜ್ವರ ಮೂಲ ಕಾಯಿಲೆಯ ಖಾತೆಗೆ ಹೋಗುತ್ತದೆ. ಒಬ್ಬೊಬ್ಬರಾಗಿ, ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ರಾತ್ರಿ ಸಾಯುವವರಿಗೆ ತನಿಖಾ ಸಮಿತಿ ಬರುವುದಿಲ್ಲ.

ಎಣಿಸಿದ ಕಡೆ ಕಂಡದ್ದು ಸಣ್ಣದಲ್ಲ. ದೆಹಲಿಯ ಏಮ್ಸ್ ಮತ್ತು ಐಸಿಎಂಆರ್ ಮುಂದಾಳತ್ವದ ಜಾಲ 2017ರ ಮೇ ತಿಂಗಳಿಂದ 2018ರ ಅಕ್ಟೋಬರ್‌ವರೆಗೆ ದೇಶದ 26 ಆಸ್ಪತ್ರೆಗಳ 89 ಐಸಿಯುಗಳಲ್ಲಿ ರಕ್ತದ ಸೋಂಕಿನ 2,622 ಪ್ರಕರಣ ದಾಖಲಿಸಿತು. ಪ್ರಮಾಣ ಅತಿ ಹೆಚ್ಚಿದ್ದದ್ದು ನವಜಾತ ಶಿಶುಗಳ ಘಟಕಗಳಲ್ಲಿ. ಈ 26 ಎಣಿಸುವ ಶಿಸ್ತು, ಪ್ರಯೋಗಾಲಯ ಎರಡೂ ಇದ್ದ ಆಸ್ಪತ್ರೆಗಳು. ಕೈಯ ಸಣ್ಣ ಕ್ಯಾನುಲಾಗಳಿಗೂ ನಿಯಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲ ಜಾಗತಿಕ ಮಾರ್ಗಸೂಚಿ ತಂದದ್ದು 2024ರ ಮೇ ತಿಂಗಳಲ್ಲಿ.

ನಮ್ಮ ಪಾಲಿನ ಒಂದು ಮಾತನ್ನೂ ಹೇಳದೆ ಬಿಡಲಾರೆ. ಗದ್ದೆ ಕೆಲಸ ಮುಗಿದು ಸುಸ್ತಾದರೆ, ಮದುವೆ ಮನೆಯ ಓಡಾಟದಲ್ಲಿ ಮೈ ಬಸವಳಿದರೆ "ಶಕ್ತಿಗೆ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡ್ ಬರ್ತೀನಿ" ಎನ್ನುತ್ತೇವೆ. ಬಾಟ್ಲಿ ಹಾಕದ ಡಾಕ್ಟರು ಒಳ್ಳೆಯ ಡಾಕ್ಟರಲ್ಲ ಎಂದುಕೊಳ್ಳುತ್ತೇವೆ. ಬಾಯಲ್ಲಿ ನುಂಗಲು ಬರುವವರಿಗೆ ಗಂಜಿ ತಿಳಿ, ಓಆರ್‌ಎಸ್, ಮಾತ್ರೆ ಸಾಕಾಗುವ ಕಡೆ ಸೂಜಿ ಹಾಕಿಸಿಕೊಂಡರೆ ರಕ್ತಕ್ಕೊಂದು ಬಾಗಿಲು ಸುಮ್ಮನೆ ತೆರೆದಂತೆ. ದೊಡ್ಡಮ್ಮನಿಗೆ ನಾಲ್ಕನೇ ದಿನ ಮಾತ್ರೆ ಸಾಕಿತ್ತು ಎಂದು ಆಮೇಲೆ ಆ ಡ್ಯೂಟಿ ಡಾಕ್ಟರೇ ಹೇಳಿದರು. ಬೇಡದ ಕ್ಯಾನುಲಾ ತೆಗೆಯಿರಿ ಎಂದು ರೌಂಡ್ಸಿನಲ್ಲಿ ಕೇಳುವ ಹಕ್ಕು ಮನೆಯವರಿಗೆ ಇದೆ. "ಸಿಸ್ಟರ್, ಒಂಚೂರು ಒರೆಸಿ ಹಾಕ್ತೀರಾ" ಎಂದು ಮೆತ್ತಗೆ ಕೇಳಿದರೆ ಯಾರಿಗೂ ಅವಮಾನವಿಲ್ಲ. ನಾನು ಮರುದಿನ ಕೇಳಿದೆ. ಆ ಸಿಸ್ಟರ್ ಒಂದು ಗಳಿಗೆ ನನ್ನ ಮುಖ ನೋಡಿದರು, ಆಮೇಲೆ ಹೋಗಿ ಹೊಸ ಹತ್ತಿ ತಂದರು. "ದಿನಾ ಹೀಗೇ ಮಾಡ್ಬೇಕು ಅಂತಾನೇ ಕಲ್ಸಿದ್ದು ನಮಗೆ" ಎಂದರು. ಅವರ ದನಿಯಲ್ಲಿ ಬೇಸರವಿತ್ತು, ಅದು ನನ್ನ ಮೇಲಿನದಾಗಿರಲಿಲ್ಲ.

ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಶಾಸಕರು, ಊರಿನ ಪ್ರಮುಖರು ಕೂತು ಖರ್ಚಿನ ತೀರ್ಮಾನ ಮಾಡುವ ಜಾಗ ಅದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಸಮಿತಿಗಳು ಮುಂದಿನ ಸಭೆಯ ನಡಾವಳಿಯಲ್ಲಿ ಮೂರು ವಿಷಯ ಬರೆಸಲಿ: ಬಿಡಿ ಪೊಟ್ಟಣದ ಒರೆಸುಬಟ್ಟೆ ಮತ್ತು ಹೊಸ ಬಿರಡೆ ಎಷ್ಟು ಬೇಕು, ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಎಲ್ಲಿಂದ, ಡ್ರಿಪ್ಪಿನಲ್ಲಿದ್ದಾಗ ಹೊಸದಾಗಿ ನಡುಕ-ಜ್ವರ ಬಂದವರ ಹೆಸರು ಬರೆಯುವ ಪುಸ್ತಕ ಯಾರ ಮೇಜಿನ ಮೇಲೆ. ಕಲ್ಚರ್ ಬಾಟ್ಲಿ ಶಿವಮೊಗ್ಗಕ್ಕೆ ಕಳಿಸುವ ವ್ಯವಸ್ಥೆಯೂ ಅದರ ಜೊತೆಗೆ ಆಗಲಿ. ಮಂಗನ ಕಾಯಿಲೆಯ ಕಾಲದಲ್ಲಿ ಇಲ್ಲಿಂದ ರಕ್ತದ ಮಾದರಿ ಹೋಗುವ ದಾರಿ ಹೊಸದೇನಲ್ಲ. ಉಣುಗಿನ ಕಾಲ ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ಆ ಪುಸ್ತಕ ಅದಕ್ಕೂ ಮೊದಲೇ ವಾರ್ಡಿನಲ್ಲಿ ಇರಬೇಕು.