ತಲೆ ಎಣಿಸುವ ಕಾನೂನು

ಚಿನ್ನದಂಗಡಿಯಲ್ಲಿ ಸರವನ್ನೋ ಬಳೆಯನ್ನೋ ಕೈಗೆತ್ತಿಕೊಂಡು ‘ಇದು ಕೆಡಿಎಂ ತಾನೇ?’ ಎಂದು ಕೇಳದ ಮನೆ ನಮ್ಮಲ್ಲಿ ಕಡಿಮೆ. ಹಾಲ್‌ಮಾರ್ಕ್ ಮನೆಮಾತಾಗುವ ಮೊದಲು ಆ ಮೂರಕ್ಷರವೇ ಭರವಸೆಯಾಗಿತ್ತು. ತಂಗಿಯ ಮದುವೆಗೆ ಒಡವೆ ಮಾಡಿಸುವಾಗ ನಮ್ಮ ತಾಯಿಯೂ ಅದನ್ನೇ ಕೇಳಿದ್ದರು. ಕೆಡಿಎಂ ಅಂದರೆ ಕ್ಯಾಡ್ಮಿಯಂ ಎಂಬುದು ಅವರಿಗೆ ತಿಳಿದಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ನನಗೂ ತಿಳಿದಿರಲಿಲ್ಲ. ಹಿಂದೆ ಬೆಸುಗೆಗೆ ತಾಮ್ರ ಹೆಚ್ಚು ಬೆರೆಸಬೇಕಾಗುತ್ತಿತ್ತು, ಒಡವೆಯ ಶುದ್ಧತೆ ಕುಗ್ಗುತ್ತಿತ್ತು. ಕ್ಯಾಡ್ಮಿಯಂ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಆ ಆವಿ ಎಲ್ಲಿಗೆ ಹೋಯಿತು ಎಂದು ಒಡವೆ ಕೊಂಡವರು ಯಾರೂ ಕೇಳಲಿಲ್ಲ. ಜ್ವಾಲೆಯ ಮೇಲೆ ಬಗ್ಗಿ ಕೂತಿದ್ದ ಅಕ್ಕಸಾಲಿಗನ ಎದೆಯೊಳಕ್ಕೆ ಹೋಯಿತು. ಕೆಲಸ ಮಾಡುವಾಗ ಅವನಿಗೆ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಕಳೆದು ಮನೆ ಸೇರಿದ ಮೇಲೆ ಚಳಿ, ಜ್ವರ, ಎದೆಬಿಗಿತ. ಶೀತವಾಗಿದೆ ಎಂದುಕೊಂಡು ಕಷಾಯ ಕುಡಿದು ಮಲಗುತ್ತಾನೆ. ಇದೇ ವರ್ಷಗಟ್ಟಲೆ ನಡೆದರೆ ಮೂತ್ರಪಿಂಡ ಕೈಕೊಡುತ್ತದೆ.

ಬೆಂಗಳೂರಿನ ನಗರ್ತಪೇಟೆಯಂಥ ಜಾಗದಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಸಿಗುವ ಕೋಣೆಯಲ್ಲಿ ಮೂವರೋ ನಾಲ್ವರೋ ಕೂತು ಇಂಥ ಕೆಲಸ ಮಾಡುತ್ತಾರೆ. ಆಸಿಡ್ಡಿನ ಜಾಡಿ, ಗ್ಯಾಸಿನ ಸಿಲಿಂಡರು, ಊದುಗೊಳವೆ ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಕಾನೂನಿನ ಕಣ್ಣಿಗೆ ಅದು ಕಾರ್ಖಾನೆಯಲ್ಲ. 1948ರ ಕಾರ್ಖಾನೆಗಳ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಕೆಲಸಗಾರರು, ಬಳಸದ ಕಡೆ 20 ಕೆಲಸಗಾರರು ಇದ್ದರೆ ಮಾತ್ರ ಅದನ್ನು ಕಾರ್ಖಾನೆ ಎಂದು ಕರೆಯಿತು. 2020ರಲ್ಲಿ ರೂಪುಗೊಂಡು 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಆ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ಅಂದರೆ ನಿನ್ನೆಯವರೆಗೆ ಕಾರ್ಖಾನೆಯಾಗಿದ್ದ ಹದಿನೈದು ಜನರ ಶೆಡ್ಡು ಇಂದು ಕಾರ್ಖಾನೆಯಲ್ಲ. ಅಲ್ಲಿರುವ ಆಸಿಡ್ಡಿನ ತೀಕ್ಷ್ಣತೆ ಮಾತ್ರ ನಿನ್ನೆ ಇದ್ದಷ್ಟೇ ಇದೆ.

ಅಪಾಯವನ್ನು ತಲೆ ಎಣಿಸಿ ಅಳೆಯಬಹುದೇ? ಆಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುರಕ್ಷತೆಯ ತಪಾಸಣೆ ಯಾರಿಗೆ ಬೇಕು ಎಂಬುದನ್ನು ಅಲ್ಲಿ ಬಳಸುವ ಪದಾರ್ಥ ನಿರ್ಧರಿಸಬೇಕು. ಕೂಲಿ, ರಜೆ, ಕ್ಯಾಂಟೀನುಗಳ ನಿಯಮಕ್ಕೆ ಸಂಖ್ಯೆಯ ಗಡಿ ಒಪ್ಪಬಹುದಾದದ್ದೇ. ಐದು ಜನರಿಗೆ ಕ್ಯಾಂಟೀನು ನಡೆಸು ಎನ್ನುವುದು ಅನ್ಯಾಯ. ವಿಷದ ವಿಚಾರದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಪದಾರ್ಥವನ್ನೇ ಅಳೆಯುವ ನಿಯಮಗಳು ನಮ್ಮಲ್ಲಿ ಇಲ್ಲವೆಂದಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯವೊಂದು ಸೇರಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ, ಆಮದಿನ ನಿಯಮಗಳು ಬಂದವು. ಆದರೆ ಅವನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಭೋಪಾಲದಂಥ ಬೃಹತ್ ಸ್ಥಾವರ. ಕ್ಲೋರೀನಿಗೆ ಅಲ್ಲಿ ಮೊದಲ ಮಿತಿ 10 ಟನ್. ಒಂದೇ ಒಂದು ಕ್ಲೋರೀನ್ ಟನ್ನರನ್ನು, ಅಂದರೆ ಸುಮಾರು 900 ಕಿಲೋ ಹಿಡಿಯುವ ಉಕ್ಕಿನ ಉರುಳೆಯನ್ನು, ಮೂಲೆಯಲ್ಲಿಟ್ಟುಕೊಂಡ ಸಣ್ಣ ಘಟಕ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆ ಉರುಳೆಯ ಕವಾಟ ಸಡಿಲಾದರೆ ಬೀದಿಯೇ ಉಸಿರಿಗೆ ಒದ್ದಾಡುತ್ತದೆ. ಹೀಗೆ ಒಂದು ಕಾನೂನು ಜನ ಕಡಿಮೆ ಎಂದು ಬಿಟ್ಟಿತು, ಇನ್ನೊಂದು ಮಾಲು ಕಡಿಮೆ ಎಂದು ಬಿಟ್ಟಿತು. ಎರಡರ ನಡುವಿನ ಸಂದಿಯಲ್ಲಿ ನಮ್ಮ ಸಣ್ಣ ಉದ್ಯಮಗಳು ಬದುಕುತ್ತಿವೆ.

‘ಸಣ್ಣವರನ್ನು ಅವರ ಪಾಡಿಗೆ ಬಿಡಿ, ಇನ್‌ಸ್ಪೆಕ್ಟರುಗಳ ಕಾಟ ತಪ್ಪಲಿ’ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆ ಕಾಟವನ್ನು ಕಣ್ಣಾರೆ ಕಂಡವನು ನಾನು. ಪೀಣ್ಯದಲ್ಲಿ ನನ್ನ ಚಿಕ್ಕಪ್ಪನದೊಂದು ಪ್ಲೇಟಿಂಗ್ ಘಟಕವಿತ್ತು. ಒಂಬತ್ತು ಜನ ಕೆಲಸಗಾರರು. ಹತ್ತನೆಯವನನ್ನು ತೆಗೆದುಕೊಂಡರೆ ಬೇರೆಯದೇ ಕಾನೂನಿನ ಕೈಗೆ ಸಿಗಬೇಕಾಗುತ್ತದೆ ಎಂದು ಚಿಕ್ಕಪ್ಪ ಒಂಬತ್ತಕ್ಕೇ ನಿಂತಿದ್ದರು. ಕಾಲೇಜಿನ ರಜೆಯಲ್ಲಿ ನಾನು ಅಲ್ಲಿ ಲೆಕ್ಕ ಬರೆಯಲು ಹೋಗುತ್ತಿದ್ದೆ. ಒಂದಲ್ಲ ಒಂದು ಇಲಾಖೆಯವರು ಆಗಾಗ ಬರುತ್ತಿದ್ದರು. ಮುಂದಿನ ಕೋಣೆಯಲ್ಲಿ ಕೂತು ರಿಜಿಸ್ಟರು ತಿರುವಿ, ಕಾಫಿ ಕುಡಿದು, ಕವರು ತೆಗೆದುಕೊಂಡು ಹೋಗುತ್ತಿದ್ದರು. ತೊಟ್ಟಿಗಳಿದ್ದ ಹಿಂದಿನ ಶೆಡ್ಡಿಗೆ ಅವರಲ್ಲಿ ಒಬ್ಬರಾದರೂ ಕಾಲಿಟ್ಟದ್ದನ್ನು ನಾನು ನೋಡಲಿಲ್ಲ. ಅಲ್ಲಿ ಕಬ್ಬಿಣದ ಸಾಮಾನನ್ನು ಮೊದಲು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಅದ್ದಿ ತುಕ್ಕು ತೆಗೆಯುತ್ತಿದ್ದರು. ಪಕ್ಕದಲ್ಲೇ, ಒಂದು ಹಲಗೆಯ ಅಗಲದಷ್ಟು ದೂರದಲ್ಲಿ, ಸೋಡಿಯಂ ಸಯನೈಡಿನ ದ್ರಾವಣದ ತೊಟ್ಟಿ. ಎರಡರ ನೀರೂ ಒಂದೇ ಚರಂಡಿಗೆ. ಆಸಿಡ್ಡು ಸಯನೈಡಿಗೆ ಸೇರಿದರೆ ಹೈಡ್ರೋಜನ್ ಸಯನೈಡ್ ಎಂಬ ಅನಿಲ ಏಳುತ್ತದೆ. ಅದರ ವಾಸನೆಯನ್ನು ಗುರುತಿಸುವ ಶಕ್ತಿಯೇ ಕೆಲವರಿಗೆ ಹುಟ್ಟಿನಿಂದ ಇರುವುದಿಲ್ಲ. ಆ ಹಲಗೆಯ ಮೇಲೆ ನಿಂತು ದಿನವೂ ಸಾಮಾನು ದಾಟಿಸುತ್ತಿದ್ದ ಹುಡುಗರಿಗೆ, ಅವರ ಜೊತೆ ಅದೇ ಗಾಳಿ ಕುಡಿಯುತ್ತಿದ್ದ ಚಿಕ್ಕಪ್ಪನಿಗೆ, ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವರು ಸರ್ಕಾರದವರಲ್ಲ. ಮಾಲು ಕೊಡುತ್ತಿದ್ದ ದೊಡ್ಡ ಕಂಪನಿಯಿಂದ ಲೇಪನದ ದಪ್ಪ ಅಳೆಯಲು ವಯಸ್ಸಾದ ಒಬ್ಬರು ಬಂದಿದ್ದರು. ಹಿಂದೆ ಹೋಗಿ ನೋಡಿದವರೇ ನಿಂತುಬಿಟ್ಟರು. ‘ಸ್ವಾಮಿ, ಇವೆರಡನ್ನ ಹೀಗೆ ಅಕ್ಕಪಕ್ಕ ಇಡಿ ಅಂತ ಯಾರು ಹೇಳಿದ್ದು ನಿಮಗೆ?’ ಎಂದರು. ‘ನಲ್ಲಿ ಇಲ್ಲೇ ಇತ್ತಲ್ಲ ಸಾರ್, ಅನುಕೂಲ ಅಂತ’ ಎಂದರು ಚಿಕ್ಕಪ್ಪ. ಅವರು ಕಾಗದ ತೆಗೆದು ಚಿತ್ರ ಬರೆದು ತೋರಿಸಿದರು. ಮರುದಿನ ಬೆಳಗ್ಗೆ ಚಿಕ್ಕಪ್ಪ ಕೆಲಸ ನಿಲ್ಲಿಸಿ ಒಂದು ತೊಟ್ಟಿಯನ್ನು ಎದುರು ಗೋಡೆಗೆ ಸರಿಸಿದರು, ಬೇರೆ ಕಾಲುವೆ ತೋಡಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು.

ಆ ಕವರು ಕೊಟ್ಟ ತಪಾಸಣೆಗಳನ್ನೂ ಈ ಒಂದು ಭೇಟಿಯನ್ನೂ ಪಕ್ಕಪಕ್ಕ ಇಟ್ಟು ನಾನು ಬಹಳ ಸಲ ಯೋಚಿಸಿದ್ದೇನೆ. ತಪಾಸಣೆ ಕೆಟ್ಟಿರುವುದಕ್ಕೆ ಪರಿಹಾರ ತಪಾಸಣೆಯನ್ನೇ ನಿಲ್ಲಿಸುವುದು ಎನ್ನುವವರು ಈ ಎರಡನೆಯ ಬಗೆಯ ಭೇಟಿಯನ್ನೂ ಕಸಿದುಕೊಳ್ಳುತ್ತಿದ್ದಾರೆ. ಸಣ್ಣ ಘಟಕದ ಮಾಲೀಕ ಸಾಮಾನ್ಯವಾಗಿ ಲಾಭಕ್ಕಾಗಿ ಕೆಲಸಗಾರನ ಪ್ರಾಣ ಒತ್ತೆ ಇಡುವವನಲ್ಲ. ಅವನಿಗೆ ಸುರಕ್ಷತಾಧಿಕಾರಿಯನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ, ಇಂಗ್ಲಿಷಿನಲ್ಲಿರುವ ಸುರಕ್ಷತಾ ಮಾಹಿತಿ ಪತ್ರ ಓದಿ ಅರ್ಥ ಮಾಡಿಕೊಳ್ಳುವ ಪುರುಸೊತ್ತಿಲ್ಲ. ದೊಡ್ಡ ಕಂಪನಿಗೆ ಹೊರಗಿನ ಕಣ್ಣು ಇಲ್ಲದಿದ್ದರೂ ಒಳಗೆ ನಾಲ್ಕು ಜನ ಬಲ್ಲವರಿರುತ್ತಾರೆ. ಹೊರಗಿನ ಕಣ್ಣು ಹೆಚ್ಚು ಬೇಕಾದದ್ದು ಸಣ್ಣವನಿಗೇ, ಕಾನೂನು ಮೊದಲು ಬಿಟ್ಟದ್ದೂ ಅವನನ್ನೇ.

ತಿಳಿಯದಿರುವುದರ ಬೆಲೆ ಎಷ್ಟು ಎಂಬುದಕ್ಕೆ ಮಂಗಳೂರಿನ ಬಜಪೆಯ ಬಳಿ 2022ರ ಏಪ್ರಿಲ್ 17ರಂದು ನಡೆದದ್ದನ್ನು ನೆನೆಯಬೇಕು. ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಗೆ ಇಳಿದ ಕೆಲಸಗಾರ ಕುಸಿದುಬಿದ್ದ. ಅವನನ್ನು ಎತ್ತಲು ಜೊತೆಗಾರರು ಒಬ್ಬರ ಹಿಂದೆ ಒಬ್ಬರು ಇಳಿದರು. ಐವರು ಸತ್ತರು, ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಕೊಳೆತ ಮೀನಿನ ತ್ಯಾಜ್ಯದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಮಡುಗಟ್ಟಿರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗನ್ನೇ ಮಂಕು ಮಾಡುತ್ತದೆ, ವಾಸನೆ ನಿಂತಿತು ಎಂದರೆ ಸಾವು ಹತ್ತಿರ ಬಂತು ಎಂದೇ ಅರ್ಥ. ಇಂಥ ಮುಚ್ಚಿದ ಜಾಗಗಳಲ್ಲಿ ಸಾಯುವವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಅಲ್ಲಿಗೆ ಬಂದ ಯಾರಾದರೂ ಆ ತೊಟ್ಟಿಯ ಬಾಯಿಗೆ ಬೀಗ ಹಾಕಿಸಿ, ‘ಒಬ್ಬ ಬಿದ್ದರೆ ಇನ್ನೊಬ್ಬ ಇಳಿಯಬೇಡಿ, ಹಗ್ಗ ಕಟ್ಟಿಕೊಳ್ಳದೆ ಯಾರೂ ಇಳಿಯಬೇಡಿ’ ಎಂದು ಅವರ ಭಾಷೆಯಲ್ಲಿ ಹೇಳಿಸಿದ್ದರೆ? ನನ್ನನ್ನು ಈಗಲೂ ಕಾಡುವುದು ಎರಡನೆಯವನು. ಗೆಳೆಯನ ಮೇಲಿನ ಪ್ರೀತಿಯೇ ಅವನನ್ನು ಕೆಳಗಿಳಿಸಿತು.

ತಪಾಸಣೆಯಿಂದ ಉದ್ಯಮ ಮುಳುಗುತ್ತದೆ ಎಂಬ ವಾದಕ್ಕೂ ಪುರಾವೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು ಅಪಾಯದ ಉದ್ಯಮಗಳ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ ತಪಾಸಣೆ ನಡೆಸುವ ಪದ್ಧತಿಯಿತ್ತು. ಹಾಗೆ ಆಯ್ಕೆಯಾದ 409 ಸಂಸ್ಥೆಗಳನ್ನು ಆಯ್ಕೆಯಾಗದ ಅಷ್ಟೇ ಸಂಸ್ಥೆಗಳ ಜೊತೆ ಹೋಲಿಸಿ ಡೇವಿಡ್ ಲೆವಿನ್, ಮೈಕೆಲ್ ಟೋಫೆಲ್, ಮ್ಯಾಥ್ಯೂ ಜಾನ್ಸನ್ ಎಂಬ ಸಂಶೋಧಕರು 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ತಪಾಸಣೆಗೊಳಗಾದ ಕಡೆ ಗಾಯಗಳ ಪ್ರಮಾಣ ಶೇಕಡಾ 9.4ರಷ್ಟು, ಗಾಯದ ಪರಿಹಾರದ ಖರ್ಚು ಶೇಕಡಾ 26ರಷ್ಟು ಇಳಿದಿತ್ತು. ಕೆಲಸ ಕಡಿಮೆಯಾದದ್ದಾಗಲಿ, ಸಂಸ್ಥೆಗಳು ಮುಚ್ಚಿದ್ದಾಗಲಿ ಅವರಿಗೆ ಕಾಣಲಿಲ್ಲ.

ಅದೇ ದೇಶದಲ್ಲಿ ಇನ್ನೊಂದು ವ್ಯವಸ್ಥೆಯಿದೆ, ಅದು ನಮಗೆ ಇನ್ನೂ ಹತ್ತಿರದ್ದು. ಸಣ್ಣ ಉದ್ಯಮದವನು ತಾನಾಗಿಯೇ ಕರೆದರೆ ಸುರಕ್ಷತಾ ತಜ್ಞರು ಉಚಿತವಾಗಿ ಬಂದು ನೋಡುತ್ತಾರೆ, ದಂಡ ಹಾಕುವುದಿಲ್ಲ, ದಂಡ ಹಾಕುವ ವಿಭಾಗಕ್ಕೆ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. ಒಂದೇ ಷರತ್ತು: ಗಂಭೀರ ಅಪಾಯ ಕಂಡರೆ ಒಪ್ಪಿದ ಅವಧಿಯಲ್ಲಿ ಅದನ್ನು ಸರಿಪಡಿಸಬೇಕು. ನಮ್ಮ ಹೊಸ ಸಂಹಿತೆ ಇನ್‌ಸ್ಪೆಕ್ಟರನಿಗೆ ‘ಫೆಸಿಲಿಟೇಟರ್’ ಎಂಬ ಬಾಲವನ್ನೂ ಸೇರಿಸಿದೆ, ಸಲಹೆ ಕೊಡುವುದನ್ನೂ ಅವನ ಕೆಲಸ ಮಾಡಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸಲಹೆ ಕೊಡುವವನೂ ದಂಡ ಹಾಕುವವನೂ ಒಬ್ಬನೇ ಆದರೆ ಚಿಕ್ಕಪ್ಪನಂಥವರು ಅವನನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋಗುತ್ತಾರೆಯೇ? ಇಬ್ಬರು ಬೇರೆಯಾಗಿರಬೇಕು. ದಂಡದ ಅಧಿಕಾರ ಇರುವವನು ಮಾತ್ರ ಮುನ್ಸೂಚನೆ ಕೊಡದೆ ಬರುವ ಹಕ್ಕನ್ನು ಉಳಿಸಿಕೊಳ್ಳಬೇಕು. 1949ರಲ್ಲಿ ಭಾರತ ಅನುಮೋದಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಡಂಬಡಿಕೆ ಹೇಳುವುದೂ ಅದನ್ನೇ.

ಹೊಸ ಸಂಹಿತೆಯ ಪ್ರಕಾರ ಎಲ್ಲಿ ತಪಾಸಣೆ ಎಂಬುದನ್ನು ಕಂಪ್ಯೂಟರು ಯಾದೃಚ್ಛಿಕವಾಗಿ ಆರಿಸುತ್ತದೆ. ಮಾಮೂಲು ವಸೂಲಿಗೆ ಇದು ತಡೆ ಎಂಬುದು ನಿಜ. ಆದರೆ ಪಟ್ಟಿಯಲ್ಲೇ ಇಲ್ಲದವನ ಹೆಸರು ಚೀಟಿಯಲ್ಲಿ ಬರುವುದು ಹೇಗೆ? 2020ರ ನವೆಂಬರ್ 10ರಂದು ಬಾಪೂಜಿನಗರದ ಹತ್ತಿರ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕದ ಗೋಡೌನು ಹೊತ್ತಿ ಉರಿದಾಗ ಸುತ್ತಲಿನ ಮನೆಯವರು ಮಕ್ಕಳನ್ನೆತ್ತಿಕೊಂಡು ಓಡಬೇಕಾಯಿತು. ಮನೆಗಳ ನಡುವೆ ಇಂಥ ಗೋಡೌನು ಇರುವ ಬಡಾವಣೆ ಅದೊಂದೇ ಅಲ್ಲ.

ಅವನ್ನು ಹುಡುಕುವುದು ಅಸಾಧ್ಯ ಎಂದು ಅಧಿಕಾರಿಗಳು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಸಣ್ಣ ಘಟಕಗಳು ಸಾವಿರಾರು ಇರಬಹುದು, ಅವಕ್ಕೆ ಸಯನೈಡ್, ಕ್ರೋಮಿಕ್ ಆಸಿಡ್, ತಿನ್ನರ್ ಮಾರುವ ಸಗಟು ವ್ಯಾಪಾರಿಗಳು ಬೆರಳೆಣಿಕೆಯ ಬೀದಿಗಳಲ್ಲಿದ್ದಾರೆ. ವಿಷ ಮಾರಾಟಕ್ಕೆ ಲೈಸೆನ್ಸ್ ಬೇಕೆನ್ನುವ ಕಾಯ್ದೆ 1919ರಿಂದ ಇದೆ. ಆಸಿಡ್ ದಾಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ, ಅಂಗಡಿಯವನು ಆಸಿಡ್ ಕೊಂಡವನ ಹೆಸರು ವಿಳಾಸ ಬರೆದಿಡಬೇಕು ಎಂದು ಆದೇಶಿಸಿತು. ಅಂಥದೇ ಪುಸ್ತಕವನ್ನು ಸಗಟು ವ್ಯಾಪಾರಿಯೂ ಇಡಲಿ, ತಿಂಗಳಿಗೊಮ್ಮೆ ಕಾರ್ಖಾನೆ ಇಲಾಖೆಗೆ ಕಳಿಸಲಿ. ವಿಷ ಯಾವ ಓಣಿಯ ಯಾವ ಶೆಡ್ಡಿಗೆ ಹೋಗುತ್ತಿದೆ ಎಂಬುದು ಅಲ್ಲೇ ಸಿಗುತ್ತದೆ. ಜೊತೆಗೆ, ದೊಡ್ಡ ಡ್ರಮ್ಮಿನಿಂದ ಬಿಸ್ಲೆರಿ ಬಾಟಲಿಗೆ, ಎಣ್ಣೆ ಕ್ಯಾನಿಗೆ ಸುರಿದು ಮಾರುವುದನ್ನು ಅಲ್ಲೇ ತಡೆಯಬಹುದು. ಕನ್ನಡದಲ್ಲಿ, ತಲೆಬುರುಡೆಯ ಚಿತ್ರದೊಂದಿಗೆ ಚೀಟಿ ಅಂಟಿಸದ ಯಾವ ಕ್ಯಾನೂ ಅಂಗಡಿ ದಾಟಬಾರದು. ನೀರೆಂದು ಆಸಿಡ್ ಕುಡಿದವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಇನ್ನೆಷ್ಟು ಓದಬೇಕು?

ಅಪಾಯದ ಕೆಲಸ ನಡೆಯುವ ಕಡೆಗಳಿಗೆ ಸಂಖ್ಯೆಯ ಮಿತಿಯನ್ನು ಅಧಿಸೂಚನೆಯ ಮೂಲಕ ತೆಗೆದುಹಾಕುವ ಅವಕಾಶ ಹೊಸ ಸಂಹಿತೆಯೊಳಗೇ ಇದೆ. ಹಳೆಯ ಕಾಯ್ದೆಯ 85ನೇ ಕಲಮಿನಲ್ಲೂ ಇಂಥದೊಂದು ದಾರಿಯಿತ್ತು. ಸರ್ಕಾರ ಆ ಅಧಿಸೂಚನೆಯನ್ನು ಪದಾರ್ಥಗಳ ಹೆಸರು ಹಿಡಿದು ಹೊರಡಿಸಬೇಕು: ಸಯನೈಡ್, ಕ್ರೋಮಿಕ್ ಮತ್ತು ನೈಟ್ರಿಕ್ ಆಸಿಡ್, ಕ್ಲೋರೀನ್, ಕ್ಯಾಡ್ಮಿಯಂ, ತಿನ್ನರಿನ ದಾಸ್ತಾನು, ಮುಚ್ಚಿದ ತ್ಯಾಜ್ಯದ ತೊಟ್ಟಿ, ಪಟಾಕಿ. ಒಬ್ಬನೇ ಕೆಲಸಗಾರನಿದ್ದರೂ ಅದು ಅನ್ವಯವಾಗಬೇಕು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಬಿದ್ದು ಮರುದಿನದ ಹೊತ್ತಿಗೆ 14 ಮಂದಿ ಸತ್ತಿದ್ದರು, ಆಮೇಲೆ ಆಸ್ಪತ್ರೆಯಲ್ಲಿ ಆ ಸಂಖ್ಯೆ ಇನ್ನೂ ಏರಿತು. ಅವರಲ್ಲಿ ಹಲವರು ಹಬ್ಬದ ಸೀಸನ್ನಿನಲ್ಲಿ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನಿಂದ ಬಂದ ಹುಡುಗರು, ಓದುತ್ತಿದ್ದವರೂ ಇದ್ದರು. ಸೀಸನ್ನಿಗೆಂದು ಬಂದವರನ್ನು ಯಾವ ರಿಜಿಸ್ಟರೂ ಎಣಿಸುವುದಿಲ್ಲ. ಪಟ್ಟಿ ಮಾಡುವ ಕೆಲಸವನ್ನು ಮುಂದಿನ ದೀಪಾವಳಿಗೆ ಎರಡು ತಿಂಗಳು ಮೊದಲೇ, ಹೊಸೂರು ರಸ್ತೆಯ ಆ ಮಳಿಗೆಗಳಿಂದ ಆರಂಭಿಸಬಹುದು.