ಕೋಳಿ ಕುಂಟಿದರೆ ಬರೇ ‘ಬ್ಯಾನಿ’ ಎನ್ನಬೇಡಿ

“ಬ್ಯಾನಿ ಬಂದೈತ್ರೀ. ಕಾಲು ಎಳೀತಾವ, ನಾಕ ದಿನದಾಗ ಸಾಯ್ತಾವ.”

ಹುನಗುಂದ–ಇಳಕಲ್ ಹೆದ್ದಾರಿ ಬದಿಯ ಮನೆಯೊಂದರಲ್ಲಿ ಮುದುಕಿಯೊಬ್ಬರು ತಮ್ಮ ಜವಾರಿ ಕೋಳಿ ತೋರಿಸಿ ಮೊನ್ನೆ ಹೇಳಿದ ಮಾತಿದು. ಪಕ್ಕದಲ್ಲೇ ಲಾರಿ, ಟ್ರ್ಯಾಕ್ಟರುಗಳ ಹಳೇ ಬ್ಯಾಟರಿ ಒಡೆಯುವ ಅಂಗಡಿ. ಅಲ್ಲಿ ಉದುರಿದ ಬೂದು ಪುಡಿಯಲ್ಲೇ ಕೋಳಿಗಳು ಕೆದರುತ್ತಿದ್ದವು. ಕೊಕ್ಕರೆ ರೋಗವೂ ಇರಬಹುದು, ಪಶುವೈದ್ಯರೇ ಹೇಳಬೇಕು. ಆದರೆ ಆ ಪುಡಿಯ ಮೇಲೆ ಮಾತ್ರ ಯಾರಿಗೂ ಅನುಮಾನವೇ ಇಲ್ಲ!

ಆ ಪುಡಿ ಸೀಸದ್ದು. ಕಾಳು ಅರೆಯಲೆಂದು ಕೋಳಿ ಹರಳು ನುಂಗುತ್ತದೆ. ಹರಳೆಂದು ಸೀಸದ ಚೂರನ್ನೂ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಸವೆದು ರಕ್ತಕ್ಕಿಳಿಯುತ್ತದೆ. ಸುಣ್ಣವೆಂದೇ ಬಗೆದು ದೇಹ ಅದನ್ನು ಎಲುಬಿನಲ್ಲಿಟ್ಟುಕೊಳ್ಳುತ್ತದೆ. ಹೊಸ ರಕ್ತ ಹುಟ್ಟುವುದು ಕುಂದುತ್ತದೆ, ನರ ಸೋಲುತ್ತದೆ, ಕಾಲು ಬೀಳುತ್ತದೆ. ಮೊಟ್ಟೆಯ ಹಳದಿಗೂ ಸೀಸ ಸೇರುತ್ತದೆ. ಕೋಳಿ ನೋಡಲು ಗಟ್ಟಿಮುಟ್ಟಾಗಿದ್ದರೂ ಮೊಟ್ಟೆಯಲ್ಲಿ ಸೀಸ ಇರಬಹುದು. ಆ ಮೊಟ್ಟೆ ತಿನ್ನುವುದು ಯಾರು? ನಮ್ಮ ಕೂಸು.

ಇನ್ನು ಕೂಳಿನ ಮಾತು. ಬಾದಾಮಿ ಇರಲಿ, ಬಾಗಲಕೋಟೆ ಇರಲಿ, ಕೋಳಿ ಕೂಡಿಹಾಕಿ ಬರೇ ಬಿಳಿಜೋಳ ಚೆಲ್ಲಿದರೆ ಸಾಲದು. ಅದರಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಹಳದಿ ಗೋವಿನಜೋಳದಲ್ಲಿ, ಹಸಿರು ಸೊಪ್ಪಿನಲ್ಲಿ ಅದರ ಮೂಲವಿದೆ. ಎ ಇಲ್ಲದಿದ್ದರೆ ಕಣ್ಣು ಊದುತ್ತದೆ. ಬಿ-2 ಸಾಲದಿದ್ದರೆ ಮರಿಯ ಕಾಲ್ಬೆರಳು ಒಳಗೆ ಮಡಚಿಕೊಳ್ಳುತ್ತವೆ. ಬಿಸಿಲು ಕಾಣದ ಕೋಳಿಗೆ ಡಿ ಸಿಗದೆ ಮೊಟ್ಟೆಯ ಚಿಪ್ಪು ಮೆತ್ತಗಾಗುತ್ತದೆ. ಮೈಯಲ್ಲಿ ಸುಣ್ಣ ಕಡಿಮೆಯಾದಷ್ಟೂ ಸೀಸ ಸಲೀಸಾಗಿ ಒಳಹೊಗುತ್ತದೆ. ಅಂದರೆ ಕೊರತೆ ಬಾಗಿಲು ತೆಗೆಯುತ್ತದೆ, ವಿಷ ಒಳಗೆ ಬರುತ್ತದೆ.

ಈ ಪಾಠ ಕಲಿಸಿದ್ದೂ ಕೋಳಿಯೇ! 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡ. 1929ರಲ್ಲಿ ಅವನಿಗೆ ನೊಬೆಲ್ ಬಂತು. ನಮಗಿನ್ನೂ ಬುದ್ಧಿ ಬಂದಿಲ್ಲ.

ಹಳೇ ಬ್ಯಾಟರಿಗೆ 2001ರಲ್ಲೇ ನಿಯಮ ಬಂತು, 2022ರಲ್ಲಿ ಹೊಸ ನಿಯಮವೂ ಬಂತು. ನೋಂದಾಯಿತ ಘಟಕದಲ್ಲಿ ಆಗಬೇಕಾದ ಕೆಲಸ ರಸ್ತೆ ಬದಿ ಸುತ್ತಿಗೆಯಿಂದ ಆಗುತ್ತಿದೆ. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯುವ ಬದಲು ಪರೀಕ್ಷೆಗೆ ಕಳಿಸುವ ವ್ಯವಸ್ಥೆ ತಾಲೂಕಿಗೊಂದಾದರೂ ಬೇಡವೇ?

“ಯಮ್ಮಾ, ಅಲ್ಲಿ ಕೋಳಿ ಬಿಡಬ್ಯಾಡ್ರಿ. ಪರೀಕ್ಷೆ ಆಗೂತನಕ ಮಮ್ಮಗಗ ತತ್ತಿ ಕೊಡಬ್ಯಾಡ್ರಿ” ಎಂದೆ.

“ಆತಪಾ. ಅಂಗಡಿ ಎಬ್ಬಸವರು ಯಾರು?” ಎಂದರು.

ಸಂಬಂಧಪಟ್ಟವರು ಉತ್ತರ ಹೇಳಲಿ.